₹2,800ರ ರಬ್ಬರು ಮತ್ತು ಅಮ್ಮನ ಸೊಂಟ

ನಮ್ಮ ಸ್ವಿಫ್ಟ್ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತರೆ ಅಮ್ಮ ಮಾತನಾಡುವುದಿಲ್ಲ, ಗುಂಡಿ ಎಣಿಸುತ್ತಾರೆ. ಮೂರ್ನಾಡು ಬಿಟ್ಟು ಹಾಕತ್ತೂರು ದಾಟುವಷ್ಟರಲ್ಲಿ ಎಣಿಕೆ ಇಪ್ಪತ್ತನ್ನು ಮೀರಿರುತ್ತದೆ. ಮೇಕೇರಿಯ ಹತ್ತಿರ ಬಂದಾಗ ಎಣಿಸುವುದನ್ನು ಬಿಟ್ಟು ನನ್ನ ಹೆಸರು ಹಿಡಿದು ಕರೆಯುತ್ತಾರೆ. 2023ರ ತುಲಾ ಸಂಕ್ರಮಣ ಕಳೆದ ವಾರ ಹಾಗೆ ಕರೆದು, "ನಿನ್ನ ಅಪ್ಪನ ಜೀಪಿನಲ್ಲಿಯೂ ನನ್ನ ಸೊಂಟ ಇಷ್ಟು ನೊಂದಿರಲಿಲ್ಲ ನೋಡು" ಎಂದರು.

ಜೀಪಿಗೆ ಹೋಲಿಸಿದ್ದು ನನಗೆ ನಾಟಿತು. ಅಪ್ಪನ ಜೀಪು ನಾಲ್ಕೂ ಕಡೆ ಕಮಾನು ಪಟ್ಟಿಯದು, ಖಾಲಿ ಇದ್ದಾಗ ಮೊಲದ ಹಾಗೆ ನೆಗೆಯುತ್ತಿತ್ತು. ಹಿಂದೆ ಎಂಟು ಜನ ಕೂತು ಎರಡು ಚೀಲ ಗೊಬ್ಬರ ಬಿದ್ದ ಮೇಲೆಯೇ ಅದು ಮನುಷ್ಯರು ಕೂರುವ ವಾಹನವಾಗುತ್ತಿದ್ದದ್ದು. ಅದಕ್ಕಿಂತ ಕಡೆ ಎಂದರೆ ನನ್ನ ಕಾರಿನಲ್ಲಿ ಏನೋ ಕೆಟ್ಟಿದೆ ಎಂದೇ ಅರ್ಥ. ಆದರೆ ಆಗ ನನಗೆ ಹೊಳೆದದ್ದು ಆ ಅರ್ಥವಲ್ಲ. ಈ ಕಾರಿಗೆ ಇನ್ನೂ ಒಳ್ಳೆಯದೇನಾದರೂ ಹಾಕಿಸಬೇಕು ಎಂದು ಹೊಳೆಯಿತು. ಆ ತಪ್ಪು ತಿಳಿವಳಿಕೆಗೆ ತೆತ್ತ ದಂಡವೇ ಮೇಲಿನ ₹2,800.

ಕಾರು 2013ರ ಪೆಟ್ರೋಲ್ ಮಾದರಿ. ಆ ಹೊತ್ತಿಗೆ 96,000 ಕಿಲೋಮೀಟರ್ ಓಡಿತ್ತು. ಮೂರ್ನಾಡಿನಿಂದ ಒಳಗೆ ಎರಡೂವರೆ ಕಿಲೋಮೀಟರ್ ನಮ್ಮ ಮನೆ. ಅದರಲ್ಲಿ ಕೊನೆಯ ಅರ್ಧ ಭಾಗ ಕಲ್ಲು ಹಾಸಿದ ತೋಟದ ದಾರಿ. ದಿನವೂ ಮಡಿಕೇರಿಯ ಕಚೇರಿಗೆ ಹೋಗಿಬರಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಡಿಕ್ಕಿಯಲ್ಲಿ ಒಂದೋ ಎರಡೋ ಐವತ್ತು ಕಿಲೋ ಚೀಲ ಇರುತ್ತದೆ. ಕಾರ್ಖಾನೆಯಿಂದ ಬಂದಾಗ ಈ ಕಾರಿನ ಹೊಟ್ಟೆ ನೆಲದಿಂದ 170 ಮಿಲಿಮೀಟರ್ ಮೇಲಿರುತ್ತದೆ ಎಂದು ಕಂಪನಿಯ ಲೆಕ್ಕ. ನನ್ನದು ಚೀಲ ಹೊತ್ತಾಗ ಗೇಟಿನ ಬಳಿಯ ಮೋರಿಯ ಮೇಲೆ ಪ್ರತಿದಿನ ಒಮ್ಮೆ ಕೆರೆಯುತ್ತಿತ್ತು. ಆದ್ದರಿಂದ ನನಗೆ ಬೇಕಾಗಿದ್ದದ್ದು ಎರಡು: ಕಾರು ಸ್ವಲ್ಪ ಎತ್ತರವಾಗಬೇಕು, ಅಮ್ಮನ ಸೊಂಟ ಉಳಿಯಬೇಕು. ಇವೆರಡೂ ಒಂದನ್ನೊಂದು ಎಳೆದಾಡುವ ಬೇಡಿಕೆಗಳು ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು.

ಮೊದಲು ಕೇಳಿದ್ದು ಮೈಸೂರಿನ ಒಂದು ಅಂಗಡಿಯಲ್ಲಿ. ಸ್ಪ್ರಿಂಗೂ ಅದರ ಕುಣಿತ ತಡೆಯುವ ಶಾಕ್ ಅಬ್ಸಾರ್ಬರೂ ಒಟ್ಟಿಗಿರುವ, ಎತ್ತರವನ್ನು ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ಕಾಯಿಲ್‌ಓವರ್ ಸೆಟ್ಟಿನ ಬೆಲೆ ಹೇಳಿದರು. ಅರ್ಧ ಲಕ್ಷ ದಾಟಿತ್ತು. ಆ ಕಾರನ್ನು ಆಗ ಮಾರಿದ್ದರೆ ಸಿಗುತ್ತಿದ್ದ ಹಣದ ಒಂದು ದೊಡ್ಡ ಪಾಲು ಅದು. ಅದಲ್ಲದೆ ಅಂಥ ಸೆಟ್ಟುಗಳಲ್ಲಿ ಹೆಚ್ಚಿನವು ಕಾರನ್ನು ತಗ್ಗಿಸಿ, ನುಣುಪಾದ ರಸ್ತೆಯಲ್ಲಿ ತಿರುವು ಹೊಡೆಯುವವರಿಗಾಗಿ ಮಾಡಿದವು. ತಗ್ಗಿಸುವ ಸ್ಪ್ರಿಂಗ್ ಹಾಕಿಸಿಕೊಂಡು ನಮ್ಮ ತೋಟದ ದಾರಿಗೆ ಇಳಿದರೆ ಹೊಟ್ಟೆಯ ಕೆಳಗೆ ಉಳಿಯುವುದು ಕಲ್ಲು ಮಾತ್ರ. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಎರಡನೆಯದು ಸ್ಪೇಸರ್. ಸ್ಪ್ರಿಂಗಿನ ಮೇಲೋ ಕೆಳಗೋ ದಪ್ಪನೆಯ ಬಿಲ್ಲೆ ಇಟ್ಟು ಕಾರನ್ನು ಎತ್ತುವುದು. ಎತ್ತರ ಸಿಗುತ್ತದೆ, ಸುಳ್ಳಲ್ಲ. ಆದರೆ ಚಕ್ರ ಕೆಳಗೆ ಇಳಿಯಲು ಉಳಿದಿರುವ ಜಾಗವನ್ನು ಅದು ಮೊದಲೇ ತಿಂದುಬಿಡುತ್ತದೆ. ಗುಂಡಿಗೆ ಚಕ್ರ ಇಳಿದಾಗ ಶಾಕ್ ಅಬ್ಸಾರ್ಬರ್ ತನ್ನ ಪೂರ್ತಿ ಉದ್ದಕ್ಕೆ ಚಾಚಿ ಟಪ್ ಎಂದು ನಿಲ್ಲುತ್ತದೆ. ಮುಂದಿನ ಚಕ್ರಗಳಿಗೆ ಹಾಕಿಸಿದರೆ ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಕೋನವೂ ಬದಲಾಗುತ್ತದೆ. ಇದನ್ನೆಲ್ಲ ಓದಿ ಜಾಣನಾದೆ ಎಂದುಕೊಂಡು ಮೂರನೆಯದಕ್ಕೆ ಬಲಿಯಾದೆ.

ಅದು ರಬ್ಬರು. ಸ್ಪ್ರಿಂಗಿನ ಎರಡು ಸುರುಳಿಗಳ ನಡುವೆ ತೂರಿಸುವ ಉಂಗುರದಂಥ ಬಫರ್. ಬಿಚ್ಚುವುದಿಲ್ಲ, ಕತ್ತರಿಸುವುದಿಲ್ಲ, ಹದಿನೈದು ನಿಮಿಷದ ಕೆಲಸ. ಎತ್ತರವೂ ಆಗುತ್ತದೆ, ಸುಖವೂ ಆಗುತ್ತದೆ ಎಂದು ಹಾಕಿದವನು ಭರವಸೆ ಕೊಟ್ಟ. ಹಿಂದಿನ ಎರಡು ಸ್ಪ್ರಿಂಗ್‌ಗಳಿಗೆ ₹2,800. ಮನೆಗೆ ಬಂದು ಅಳೆದೆ: ಎರಡು ಸೆಂಟಿಮೀಟರ್ ಎತ್ತರವಾಗಿತ್ತು. ಎರಡು ಚೀಲ ಹಾಕಿಕೊಂಡು ಮೋರಿ ದಾಟಿದೆ, ಕೆರೆಯಲಿಲ್ಲ. ಒಂದು ವಾರ ನಾನು ಕಚೇರಿಯಲ್ಲಿ ಎಲ್ಲರಿಗೂ ಈ ರಬ್ಬರಿನ ಗುಣಗಾನ ಮಾಡಿದ್ದೇನೆ. ಅವರಲ್ಲಿ ಇಬ್ಬರು ಹಾಕಿಸಿಕೊಂಡೂ ಇದ್ದಾರೆ. ಅವರ ಮುಖ ನೋಡಲು ಈಗಲೂ ಸಂಕೋಚ.

ಅಮ್ಮ ಕುಳಿತ ದಿನ ಗುಟ್ಟು ರಟ್ಟಾಯಿತು. ಚೀಲವಿಲ್ಲದ ಕಾರು ಹಿಂದಿನಿಂದ ಒದ್ದಂತೆ ನೆಗೆಯಿತು. ಆಗಿದ್ದದ್ದು ಇಷ್ಟೇ: ರಬ್ಬರು ತುರುಕಿದ ಕಡೆ ಸುರುಳಿಗಳು ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ. ಕೆಲಸ ಮಾಡುವ ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಗಡುಸಾದ ಸ್ಪ್ರಿಂಗ್ ಹೆಚ್ಚು ಬಿರುಸಿನಿಂದ ಹಿಂದಕ್ಕೆ ಚಿಮ್ಮುತ್ತದೆ, ಆ ಚಿಮ್ಮುವಿಕೆಯನ್ನು ಹಿಡಿಯಬೇಕಾದ ಶಾಕ್ ಅಬ್ಸಾರ್ಬರ್ ಮಾತ್ರ ಹಳೆಯದೇ, ಅದೂ ಹತ್ತು ವರ್ಷ ಸವೆದದ್ದು. ಮೇಕೇರಿಯ ಬಳಿ ಮಳೆ ಹನಿದು ಒದ್ದೆಯಾಗಿದ್ದ ತಿರುವಿನಲ್ಲಿ, ಸಾಲು ಸಾಲು ತೇಪೆ ಹಾಕಿದ ಡಾಂಬರಿನ ಮೇಲೆ ಕಾರಿನ ಹಿಂಭಾಗ ಒಂದು ಅಡಿ ಪಕ್ಕಕ್ಕೆ ಹೋಯಿತು. ವೇಗ ನಲವತ್ತೂ ಇರಲಿಲ್ಲ. ಅಮ್ಮ ಏನೂ ಹೇಳಲಿಲ್ಲ. ಎಣಿಸಲೂ ಇಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಆ ಭಾನುವಾರ ತೋಟದ ಜೀಪುಗಳನ್ನು ರಿಪೇರಿ ಮಾಡುವ ವಿರಾಜಪೇಟೆಯ ಒಬ್ಬ ಮೇಸ್ತ್ರಿಯ ಬಳಿ ಹೋದೆ. ಅರವತ್ತು ದಾಟಿದವರು, ಮಾತು ಕಡಿಮೆ. "ಸಸ್ಪೆನ್ಷನ್ ಅಪ್‌ಗ್ರೇಡ್ ಮಾಡಿಸಬೇಕು, ಬಜೆಟ್ ಇಪ್ಪತ್ತು ಸಾವಿರ" ಎಂದೆ. ಅವರು ಕಾರಿನ ಸುತ್ತ ಒಂದು ಸುತ್ತು ಬಂದು, "ಈಗ ಇರುವುದು ಹೇಗಿದೆ ಎಂದು ನೋಡಿದ್ದೀರಾ ಸರ್?" ಎಂದು ಕೇಳಿದರು. ನೋಡಿರಲಿಲ್ಲ. ಒಂದು ತಿಂಗಳಿನಿಂದ ಏನು ಕೊಳ್ಳಬೇಕೆಂದು ನೋಡಿದ್ದೆನೇ ಹೊರತು, ಒಮ್ಮೆಯೂ ಕಾರಿನ ಕೆಳಗೆ ಬಗ್ಗಿ ನೋಡಿರಲಿಲ್ಲ.

ಅವರು ಮೊದಲು ಮಾಡಿದ್ದು ಟೈರಿನ ಗಾಳಿ ಪರೀಕ್ಷೆ. ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಗಾಳಿಯ ಪ್ರಮಾಣ ಬರೆದ ಚೀಟಿ ಇರುತ್ತದೆ. ನನ್ನ ಟೈರುಗಳಲ್ಲಿ ಅದಕ್ಕಿಂತ ಏಳು ಪೌಂಡ್ ಹೆಚ್ಚು ಇತ್ತು. ಬಂಕಿನ ಹುಡುಗ ತುಂಬಿದ್ದೇ ಪ್ರಮಾಣ ಎಂದು ನಾನು ಎಷ್ಟೋ ವರ್ಷದಿಂದ ನಂಬಿಕೊಂಡಿದ್ದೆ. ಅದೂ ಓಡಿಸಿ ಬಿಸಿಯಾದ ಮೇಲೆ ನೋಡಬಾರದು, ಬೆಳಿಗ್ಗೆ ತಣ್ಣಗಿರುವಾಗ ನೋಡಬೇಕಂತೆ. ಹಣ ಖರ್ಚಿಲ್ಲದೆ ಸಿಕ್ಕ ಮೊದಲ ಸುಧಾರಣೆ ಅದು. ಮರುದಿನ ಸಣ್ಣ ಜಲ್ಲಿಯ ಮೇಲಿನ ನಡುಕ ಕಣ್ಣಿಗೆ ಕಾಣುವಷ್ಟು ಇಳಿದಿತ್ತು.

ಆಮೇಲೆ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿದರು. ಅವರ ಗ್ಯಾರೇಜಿನಲ್ಲಿ ಲಿಫ್ಟ್ ಇಲ್ಲ, ಸಿಮೆಂಟಿನ ಹಳೆಯ ಗುಂಡಿ. ಅದೇ ಒಳ್ಳೆಯದಾಯಿತು. ಲಿಫ್ಟ್‌ನಲ್ಲಿ ಎತ್ತಿದರೆ ಚಕ್ರಗಳು ಜೋತುಬಿದ್ದು ಎಲ್ಲ ಕೀಲುಗಳೂ ಬಿಗಿದುಕೊಳ್ಳುತ್ತವೆ, ಸಡಿಲ ಇರುವುದು ತಿಳಿಯುವುದಿಲ್ಲ. ಗುಂಡಿಯಲ್ಲಾದರೆ ಭಾರ ಚಕ್ರದ ಮೇಲೆಯೇ ಇರುತ್ತದೆ. ಹುಡುಗನೊಬ್ಬ ಮೇಲಿನಿಂದ ಕಾರನ್ನು ಅಲ್ಲಾಡಿಸಿದ, ಮೇಸ್ತ್ರಿ ಕೆಳಗೆ ನಿಂತು ನನ್ನ ಬೆರಳನ್ನು ಮುಂದಿನ ಲಿಂಕ್ ರಾಡಿನ (ತಿರುವಿನಲ್ಲಿ ಕಾರು ಹೆಚ್ಚು ವಾಲದಂತೆ ಹಿಡಿಯುವ ಸರಳಿಗೆ ಜೋಡಿಸಿದ ಕಡ್ಡಿ) ಮೇಲೆ ಇಡಿಸಿದರು. ಟಕ್, ಟಕ್ ಎಂದು ಬೆರಳಿಗೇ ಬಡಿಯಿತು. ನಾನು ಶಾಕ್ ಅಬ್ಸಾರ್ಬರ್ ಹೋಗಿದೆ ಎಂದುಕೊಂಡಿದ್ದ ಮುಂದಿನ ಶಬ್ದ ಇದರದೇ. ಎರಡೂ ಬದಿ ಸೇರಿ ₹1,100ರ ಸಾಮಾನು.

ಮೇಲೆ ಬಂದು ಬಾನೆಟ್ ತೆರೆದು, ಮುಂದಿನ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಕೂಡಿರುವ ಸ್ಟ್ರಟ್‌ನ ತಲೆಯ ಮೇಲೆ ಕೈ ಇಟ್ಟು ಸ್ಟೀರಿಂಗ್ ತಿರುಗಿಸಲು ಹೇಳಿದರು. ಬಲಗಡೆಯದು ಕಿರುಗುಟ್ಟುತ್ತ ತಡೆದು ತಡೆದು ತಿರುಗಿತು. ಬೇರಿಂಗ್ ತುಕ್ಕು ಹಿಡಿದಿತ್ತು. ಹೀಗೆ ಹಿಡಿದುಕೊಂಡಾಗ ಸ್ಪ್ರಿಂಗ್ ಸುತ್ತಿಕೊಂಡು ಆಮೇಲೆ ಟಂಗ್ ಎಂದು ಬಿಡಿಸಿಕೊಳ್ಳುತ್ತದೆ. ಬಲ ಸ್ಟ್ರಟ್‌ನ ಮೈಯೆಲ್ಲ ಎಣ್ಣೆ ಮೆತ್ತಿ ಅದರ ಮೇಲೆ ಕೆಂಪು ಮಣ್ಣು ಅಂಟಿತ್ತು. ತುಸು ಒಸರಿದ ಗುರುತು ಇದ್ದರೆ ಪರವಾಗಿಲ್ಲ, ಹೀಗೆ ಕೆಸರು ಕಟ್ಟಿದರೆ ಮುಗಿಯಿತು ಎಂದರು. ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಲೋವರ್ ಆರ್ಮ್‌ನ ಹಿಂದಿನ ಬುಷ್, ಎಂದರೆ ಕೀಲಿನ ರಬ್ಬರು, ಎರಡೂ ಕಡೆ ಹರಿದಿತ್ತು.

"ಅದನ್ನು ಹೋದ ವರ್ಷವಷ್ಟೇ ಬೇರೆ ಕಡೆ ಬದಲಾಯಿಸಿದ್ದೆ" ಎಂದೆ.

"ಕಾರು ಮೇಲೆ ಎತ್ತಿದ್ದಾಗಲೇ ಬೋಲ್ಟ್ ಬಿಗಿದರೇ?"

ನನಗೆ ಹೇಗೆ ಗೊತ್ತಿರಬೇಕು? ಅವರು ತಮ್ಮ ಎರಡು ಅಂಗೈಗಳ ನಡುವೆ ಒಂದು ತುಂಡು ರಬ್ಬರು ಇಟ್ಟು ತಿರುಚಿ ತೋರಿಸಿದರು. ಬುಷ್‌ನ ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕವಚಕ್ಕೂ ಅಂಟಿಕೊಂಡಿರುತ್ತದೆ. ಚಕ್ರ ಜೋತುಬಿದ್ದಿರುವಾಗ ಬೋಲ್ಟ್ ಬಿಗಿದರೆ ಅದೇ ಅದರ ಸಹಜ ಸ್ಥಿತಿಯಾಗಿಬಿಡುತ್ತದೆ. ಕಾರನ್ನು ಇಳಿಸಿದ ಕ್ಷಣದಿಂದ ರಬ್ಬರು ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯದೆ ಏನು ಮಾಡೀತು? ಬೋಲ್ಟ್ ಅನ್ನು ಕೈಬಿಗಿಯಷ್ಟು ಮಾಡಿ, ಕಾರನ್ನು ಚಕ್ರದ ಮೇಲೆ ನಿಲ್ಲಿಸಿ, ನಾಲ್ಕು ಬಾರಿ ಅದುಮಿ, ಆಮೇಲೆ ಪೂರ್ತಿ ಬಿಗಿಯಬೇಕು. ಇಡೀ ಪ್ರಕರಣದಲ್ಲಿ ನಾನು ಕಲಿತ ಅತ್ಯಂತ ಬೆಲೆಬಾಳುವ ಮಾತು ಇದೇ. ಯಾವ ಡಬ್ಬಿಯ ಮೇಲೂ ಇದನ್ನು ನಾನು ಕಂಡಿಲ್ಲ.

ಹಿಂದುಗಡೆಯ ಕೆಲಸ ಸುಲಭ. ಈ ಕಾರಿನಲ್ಲಿ ಮುಂದೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಸ್ಟ್ರಟ್‌ನಲ್ಲಿ ಸೇರಿಕೊಂಡಿವೆ. ಹಿಂದೆ ಎರಡೂ ಬೇರೆ ಬೇರೆ. ಶಾಕ್ ಅಬ್ಸಾರ್ಬರ್ ಕೆಳಗಿನ ಬೋಲ್ಟ್ ಬಿಚ್ಚಿ, ಹಿಂದಿನ ಚಕ್ರಗಳನ್ನು ಸೇರಿಸುವ ತೊಲೆಯನ್ನು ಇಳಿಸಿದರೆ ಸ್ಪ್ರಿಂಗ್ ಕೈಗೇ ಬರುತ್ತದೆ. ಮುಂದಿನದು ಹಾಗಲ್ಲ, ಅದನ್ನು ಸ್ಪ್ರಿಂಗ್ ಅದುಮುವ ಕಂಪ್ರೆಸರ್ ಹಾಕಿ ಅದುಮಿಯೇ ಬಿಚ್ಚಬೇಕು. ಮನೆಯಲ್ಲಿ ಸ್ಪ್ಯಾನರ್ ಇದೆ ಎಂದು ಹೊರಡುವವರು ಅಲ್ಲಿ ನಿಂತುಕೊಳ್ಳುವುದು ಕ್ಷೇಮ, ಚಿಮ್ಮಿದ ಸ್ಪ್ರಿಂಗ್ ದವಡೆ ಮುರಿಯಬಲ್ಲದು.

ರಬ್ಬರು ಹೊರಗೆ ಬಂತು. ಐದು ವಾರಗಳಲ್ಲಿ ಅದರ ಅಡಿಯಲ್ಲಿ ಮಣ್ಣು ಸೇರಿ ಸ್ಪ್ರಿಂಗಿನ ಬಣ್ಣ ಉಜ್ಜಿಹೋಗಿ ಕಿತ್ತಳೆ ಬಣ್ಣದ ತುಕ್ಕು ಸುತ್ತಿಕೊಂಡಿತ್ತು. ನಮ್ಮ ಊರಿನ ತೇವದಲ್ಲಿ ತುಕ್ಕಿಗೆ ಯಾರೂ ಆಮಂತ್ರಣ ಕೊಡಬೇಕಾಗಿಲ್ಲ. ಹಿಂದಿನ ಶಾಕ್ ಅಬ್ಸಾರ್ಬರ್‌ಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಒಂದನ್ನು ಒತ್ತಿದರೆ ಸೈಕಲ್ ಪಂಪಿನಷ್ಟೂ ತಡೆಯಿಲ್ಲದೆ ಇಳಿಯಿತು. ಇನ್ನೊಂದು ಅರ್ಧ ದಾರಿ ತಡೆದು, ಆಮೇಲೆ ಮೆಟ್ಟಿಲು ತಪ್ಪಿದಂತೆ ಜಾರಿತು. ಒಳಗಿನ ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗುವಾಗ ಹುಟ್ಟುವ ತಡೆಯೇ ಸ್ಪ್ರಿಂಗಿನ ಕುಣಿತವನ್ನು ಬಿಸಿಯಾಗಿ ಪರಿವರ್ತಿಸಿ ಮುಗಿಸುತ್ತದೆ. ಆ ತಡೆ ಇಲ್ಲದಿದ್ದರೆ ಕಾರು ಬರೀ ಸ್ಪ್ರಿಂಗಿನ ಮೇಲೆ ಕುಣಿಯುವ ತೊಟ್ಟಿಲು. ಅಮ್ಮ ಹತ್ತು ವರ್ಷ ಹಳೆಯ ಆ ತೊಟ್ಟಿಲಿನಲ್ಲಿ ಕೂತು ಗುಂಡಿ ಎಣಿಸುತ್ತಿದ್ದರು.

ಇನ್ನು ಎತ್ತರದ ಮಾತು. ಮೇಸ್ತ್ರಿ ಟೇಪು ಹಿಡಿದು ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದರು. ನೆಲದಿಂದ ಅಳೆದರೆ ಟೈರಿನ ಸವೆತ, ಗಾಳಿ ಎಲ್ಲ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ. ಹಿಂದಿನ ಎಡಭಾಗ ಬಲಕ್ಕಿಂತ ಒಂದು ಸೆಂಟಿಮೀಟರ್ ಕುಸಿದಿತ್ತು. ನಾನು ಯಾವಾಗಲೂ ಚೀಲವನ್ನು ಎಡಗಡೆಗೇ ಹಾಕುತ್ತೇನೆ ಎಂಬುದು ಆಗ ನೆನಪಿಗೆ ಬಂತು. ಡೀಸೆಲ್ ಮಾದರಿಯ ಗಡುಸು ಸ್ಪ್ರಿಂಗ್ ಹಾಕಿದರೆ ಹೇಗೆ ಎಂದು ಕೇಳಿದೆ. ಅಂಥ ಉಪಾಯವನ್ನು ಗೆಳೆಯನೊಬ್ಬ ಹೇಳಿದ್ದ. ಡೀಸೆಲ್ ಎಂಜಿನ್ ಭಾರವಾದ್ದರಿಂದ ಅದರ ಮುಂದಿನ ಸ್ಪ್ರಿಂಗ್ ಗಡುಸು, ನಿಜ. ಹಗುರಾದ ಪೆಟ್ರೋಲ್ ಕಾರಿಗೆ ಅದನ್ನು ಹಾಕಿದರೆ ಮೂಗು ಮೇಲೆದ್ದು ಮತ್ತೆ ನೆಗೆತವೇ. ಮೇಸ್ತ್ರಿಯ ಉತ್ತರ ಚಿಕ್ಕದು: "ಮುಂದೆ ಅಮ್ಮ ಕೂರುವುದೋ, ಎಂಜಿನ್ ಕೂರುವುದೋ?"

ಹಾಗಾಗಿ ಹಿಂದೆ ಕಂಪನಿಯದೇ ಹೊಸ ಸ್ಪ್ರಿಂಗ್ ಜೋಡಿ, ₹2,300. ಒಂದೇ ಕಾರಿನ ಬೇರೆ ಬೇರೆ ಮಾದರಿಗಳಿಗೆ ಬೇರೆ ಸ್ಪ್ರಿಂಗ್ ಇರುವುದರಿಂದ ಆರ್‌ಸಿ ಪುಸ್ತಕದ ಚಾಸಿ ಸಂಖ್ಯೆ ಕೊಟ್ಟೇ ತರಿಸಿದೆ.

ಶಾಕ್ ಅಬ್ಸಾರ್ಬರ್ ಆರಿಸುವಾಗ ಮತ್ತೊಂದು ವಾರ ಕಳೆದೆ. ಗೇಬ್ರಿಯಲ್, ಮನ್ರೋ, ಕೆವೈಬಿ ಎಂಬ ಹೆಸರುಗಳು ಎಲ್ಲರ ಬಾಯಲ್ಲಿ ಇರುವವು. ಕಂಪನಿಯ ಹೆಸರಿನ ಡಬ್ಬಿಯಲ್ಲಿ ಬರುವುದನ್ನೂ ಇಂಥದೇ ತಯಾರಕರು ಮಾಡಿಕೊಡುತ್ತಾರೆ. ಗ್ಯಾಸ್ ತುಂಬಿದ್ದು ಬೇಕೇ, ಬರೀ ಎಣ್ಣೆಯದು ಸಾಕೇ ಎಂಬುದು ನನ್ನ ತಲೆಬಿಸಿ. ಒಂದೇ ಸಮನೆ ಗುಂಡಿ ಬಿದ್ದ ರಸ್ತೆಯಲ್ಲಿ ಎಣ್ಣೆ ಕಡೆದ ಮಜ್ಜಿಗೆಯ ಹಾಗೆ ನೊರೆಯಾಗುತ್ತದೆ, ನೊರೆಗೆ ತಡೆಯುವ ಶಕ್ತಿ ಇಲ್ಲ. ಒಳಗೆ ಸಾರಜನಕದ ಒತ್ತಡ ಇದ್ದರೆ ನೊರೆ ಏಳುವುದು ಕಡಿಮೆ. ಬೇತ್ರಿಯ ಕಡೆಯ ರಸ್ತೆಯನ್ನು ಮಳೆ ಬಿಟ್ಟ ಮೇಲೆ ನೋಡಿದವರಿಗೆ ಮಜ್ಜಿಗೆಯ ಮಾತು ಬೇಗ ಅರ್ಥವಾಗುತ್ತದೆ. ಬೆಲೆಯಲ್ಲಿ ವ್ಯತ್ಯಾಸ ದೊಡ್ಡದೇನೂ ಇರಲಿಲ್ಲ, ಗ್ಯಾಸಿನದನ್ನೇ ಆರಿಸಿದೆ. ನಕಲಿಯ ಕಾಟ ಇರುವುದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಂಡೆ. ನೂರಿನ್ನೂರು ಉಳಿಸಲು ಹೋಗಲಿಲ್ಲ. ಹಿಂದಿನವು ಜೋಡಿಗೆ ₹2,500, ಮುಂದಿನ ಸ್ಟ್ರಟ್ ಜೋಡಿ ₹4,700. ಎಣ್ಣೆ ಸೋರುತ್ತಿದ್ದದ್ದು ಬಲಗಡೆಯದು ಮಾತ್ರ, ಎಡದ್ದನ್ನು ಉಳಿಸಬಹುದೇ ಎಂದು ಒಮ್ಮೆ ಆಸೆಪಟ್ಟೆ. ಒಂದು ಕಾಲಿಗೆ ಹೊಸ ಬೂಟು, ಇನ್ನೊಂದಕ್ಕೆ ಸವೆದ ಚಪ್ಪಲಿ ಹಾಕಿಕೊಂಡು ಘಟ್ಟ ಇಳಿಯುತ್ತೀರಾ ಎಂದು ಮೇಸ್ತ್ರಿ ಕೇಳಿದ ಮೇಲೆ ಸುಮ್ಮನಾದೆ.

ಮುಂದಿನ ಮೌಂಟಿಂಗ್ ಮತ್ತು ಬೇರಿಂಗ್ ಎರಡೂ ಕಡೆಗೆ ₹1,900, ಬೂಟು (ಸ್ಟ್ರಟ್ಟಿನ ದಂಡಕ್ಕೆ ಧೂಳು ತಾಗದಂತೆ ಹಾಕುವ ರಬ್ಬರಿನ ಕವಚ) ಮತ್ತು ಬಂಪ್ ಸ್ಟಾಪ್ ₹600, ಹಿಂದಿನ ಬಂಪ್ ಸ್ಟಾಪ್ ₹400. ಬಂಪ್ ಸ್ಟಾಪ್ ಎಂದರೆ ಸ್ಪ್ರಿಂಗ್ ಪೂರ್ತಿ ಕುಸಿದಾಗ ಲೋಹಕ್ಕೆ ಲೋಹ ಬಡಿಯದಂತೆ ಕೊನೆಗೆ ತಡೆಯುವ ಮೆತ್ತೆ. ನನ್ನದರಲ್ಲಿ ಅದು ಒಣಗಿದ ರೊಟ್ಟಿಯ ಚೂರುಗಳಾಗಿ ಉದುರಿತ್ತು. ಗುಂಡಿಗೆ ಬಿದ್ದಾಗ ಅಮ್ಮನ ಸೊಂಟಕ್ಕೆ ನೇರವಾಗಿ ಬಡಿಯುತ್ತಿದ್ದದ್ದು ಈ ನಾನೂರು ರೂಪಾಯಿಯ ಸಾಮಾನು ಇಲ್ಲದ್ದರಿಂದ. ಲೋವರ್ ಆರ್ಮ್‌ಗೆ ಬುಷ್ ಮಾತ್ರ ಹಾಕಿಸದೆ ಇಡೀ ಆರ್ಮ್ ಜೋಡಿಯನ್ನೇ ₹3,200ಕ್ಕೆ ತಂದೆ. ಅದರ ತುದಿಯ ಕೀಲಾದ ಬಾಲ್ ಜಾಯಿಂಟ್ ಕೂಡ ಅದರೊಂದಿಗೇ ಹೊಸದಾಗಿ ಬಂತು.

ಸಂಬಳದ ಕೈಯಾದ್ದರಿಂದ ಎಲ್ಲವನ್ನೂ ಒಂದೇ ದಿನ ಮಾಡಿಸಲಿಲ್ಲ. ನವೆಂಬರ್ ಕೊನೆಯಲ್ಲಿ ಹಿಂದಿನದು ಮತ್ತು ಲಿಂಕ್ ರಾಡ್, ಪುತ್ತರಿ ಹಬ್ಬ ಕಳೆದು ಸಂಬಳ ಬಂದ ಮೇಲೆ ಮುಂದಿನದು. ಈ ಕ್ರಮ ಸರಿಯಾಗಿತ್ತು ಎಂದೇ ಈಗಲೂ ಅನ್ನಿಸುತ್ತದೆ. ಓಡಿಸುವವನಿಗೆ ಮುಂದಿನದು ತಿಳಿಯುತ್ತದೆ, ಕೂತವರಿಗೆ ಹಿಂದಿನದು. ಹೆಚ್ಚಿನವರು ತಮ್ಮ ಸ್ಟೀರಿಂಗಿನ ಸುಖಕ್ಕೆ ಮೊದಲು ಹಣ ಹಾಕಿ, ಹಿಂದೆ ಕೂತವರನ್ನು "ಸ್ವಲ್ಪ ಸಹಿಸಿಕೊಳ್ಳಿ" ಎನ್ನುತ್ತಾರೆ. ಕೂಲಿ ಒಟ್ಟು ₹2,800. ರಬ್ಬರಿಗೆ ಕೊಟ್ಟಷ್ಟೇ ಹಣ. ಇದರಲ್ಲಿ ಇಬ್ಬರು ಎರಡು ದಿನ ದುಡಿದರು.

ಕೆಲಸ ಮುಗಿದ ಮರುದಿನ ಕುಶಾಲನಗರಕ್ಕೆ ಹೋಗಿ ₹450 ಕೊಟ್ಟು ವೀಲ್ ಅಲೈನ್‌ಮೆಂಟ್ ಮಾಡಿಸಿದೆ. ಸ್ಟ್ರಟ್, ಆರ್ಮ್ ಬಿಚ್ಚಿದ ಮೇಲೆ ಇದನ್ನು ಬಿಡುವಂತಿಲ್ಲ, ಬಿಟ್ಟರೆ ಹೊಸ ಟೈರು ಒಂದೇ ಅಂಚಿನಲ್ಲಿ ಸವೆದು ಹೋಗುತ್ತದೆ. ಅಲ್ಲಿಯ ಟೈರ್ ಅಂಗಡಿಯವನು 15 ಇಂಚಿನ ಅಲಾಯ್ ಚಕ್ರ ತೋರಿಸಿ, ನಿಮ್ಮ ಕಾರಿನ ಮೇಲಿನ ಮಾದರಿಗೆ ಕಂಪನಿಯೇ ಹಾಕುವ ಅಳತೆ ಎಂದ. ಹೌದು, 185/65. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಪಕ್ಕೆಯ ಎತ್ತರ ಆ ಅಗಲದ ಶೇಕಡ ಎಷ್ಟು ಎಂಬುದು. ನಾನು ಮೊಬೈಲಿನಲ್ಲಿ ಗುಣಿಸಿದೆ. ನನ್ನ 165/80 ಅಳತೆಯ 14 ಇಂಚಿನ ಟೈರಿನ ಪಕ್ಕೆಯ ಎತ್ತರ 132 ಮಿಲಿಮೀಟರ್. ಅವನದು ಸುಮಾರು 120. ಗುಂಡಿಗೂ ಅಮ್ಮನಿಗೂ ನಡುವೆ ಇರುವ ಗಾಳಿಯಲ್ಲಿ ಹನ್ನೆರಡು ಮಿಲಿಮೀಟರ್ ಕಡಿಮೆಯಾಗುವುದಕ್ಕೆ ನಾನೇ ದುಡ್ಡು ಕೊಡಬೇಕು. ನಮಸ್ಕಾರ ಹೇಳಿ ಬಂದೆ.

ಒಟ್ಟು ಖರ್ಚು ₹19,950. ರಬ್ಬರಿನದು ಬೇರೆ. ವಿಚಿತ್ರವೆಂದರೆ ಕೊನೆಗೆ ನನ್ನ ಕಾರಿನಲ್ಲಿ ಅಪ್‌ಗ್ರೇಡ್ ಎನ್ನಬಹುದಾದ ಸಾಮಾನು ಒಂದೂ ಇಲ್ಲ. ಎಲ್ಲವೂ 2013ರಲ್ಲಿ ಶೋರೂಮಿನಿಂದ ಹೊರಬಂದಾಗ ಇದ್ದಂಥದೇ. ಇದರಿಂದ ಇನ್ನೊಂದು ನೆಮ್ಮದಿಯೂ ಆಯಿತು. ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಾಯಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು. ಎತ್ತರಿಸಿದ ಕಾರಿಗೆ ಅಪಘಾತವಾದಾಗ ವಿಮೆಯವರ ಮುಂದೆ ನಿಂತು ಉತ್ತರ ಹೇಳುವ ಕಷ್ಟ ನನಗೆ ಬೇಡ.

ಎತ್ತರದ ಲೆಕ್ಕ ಕೇಳುವವರಿಗೆ: ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಎಡ ಹಿಂಭಾಗ 16 ಮಿಲಿಮೀಟರ್ ಮೇಲೆ ಬಂತು, ಬಲ 6. ರಬ್ಬರು ಕೊಟ್ಟದ್ದಕ್ಕಿಂತ ಕಡಿಮೆಯೇ. ಎರಡು ಚೀಲ ಹೊತ್ತಾಗ ಮೋರಿಯ ಮೇಲೆ ಈಗಲೂ ಒಮ್ಮೊಮ್ಮೆ ಕೆರೆಯುತ್ತದೆ. ಅದಕ್ಕೆ ಜನವರಿಯಲ್ಲಿ ಅರ್ಧ ಚೀಲ ಸಿಮೆಂಟು ತಂದು ಮೋರಿಯ ಎರಡೂ ಬದಿಗೆ ಇಳಿಜಾರು ಕಟ್ಟಿಸಿದೆ. ಕಾರನ್ನು ಎತ್ತುವ ಬದಲು ದಾರಿಯನ್ನು ಎತ್ತಬಹುದೆಂದು ಮೊದಲೇ ಹೊಳೆಯಬೇಕಿತ್ತು.

ಫೆಬ್ರವರಿಯಲ್ಲಿ ಸುಳ್ಯದ ಅಕ್ಕನ ಮನೆಗೆ ಹೊರಟೆವು. ಮದೆನಾಡು ದಾಟಿ ಜೋಡುಪಾಲದ ಕಡೆಗೆ ಇಳಿಯುವ ಘಟ್ಟದಲ್ಲಿ ನಾನು ಕಾದು ಕಾದು ನೋಡಿದೆ. ತಿರುವಿನಲ್ಲಿ ಕಾರು ಒಮ್ಮೆ ವಾಲಿ, ವಾಲಿದ ಕಡೆ ನಿಂತು, ಎದ್ದು ನೇರವಾಗುತ್ತಿತ್ತು. ಮೊದಲಿನ ಹಾಗೆ ಎರಡು ಮೂರು ಬಾರಿ ತೂಗಾಡುತ್ತಿರಲಿಲ್ಲ. ಸಣ್ಣ ಜಲ್ಲಿಯ ಮೇಲೆ ಮಾತ್ರ ಹೊಸ ಶಾಕ್ ಅಬ್ಸಾರ್ಬರ್ ಸ್ವಲ್ಪ ಗಡುಸೇ. ಇದನ್ನು ಮುಚ್ಚಿಡುವುದಿಲ್ಲ. ಸಾವಿರ ಕಿಲೋಮೀಟರ್ ಓಡಿದ ಮೇಲೂ ಹಾಗೆಯೇ ಇದೆ, ನನಗೆ ಅಭ್ಯಾಸವಾಗಿದೆ. ಹಿಂದೆ ತಿರುಗಿ ನೋಡಿದರೆ ಅಮ್ಮ ಎಣಿಸುತ್ತಿರಲಿಲ್ಲ. ಸಂಪಾಜೆ ತಲುಪುವ ಮೊದಲೇ ನಿದ್ದೆ ಹೋಗಿದ್ದರು.

ಆದರೆ ಸಂಪಾಜೆಯ ನಂತರ ಹಿಂದಿನ ಬಲಗಡೆ ಹೊಸದೊಂದು ಶಬ್ದ ಶುರುವಾಯಿತು. ಪ್ರತಿ ತಿರುವಿಗೂ ಒಂದು ಡಬ್. ಮೇಸ್ತ್ರಿಗೆ ಫೋನ್ ಮಾಡಿ ಬೋಲ್ಟ್ ಸಡಿಲವಾಗಿರಬಹುದೇ ಎಂದು ಕೇಳಿದೆ. "ಡಿಕ್ಕಿ ತೆರೆದು ನೋಡಿ ಸರ್" ಎಂದರು. ರಸ್ತೆಯ ಬದಿಗೆ ನಿಲ್ಲಿಸಿ ತೆರೆದೆ. ಅಮ್ಮ ಮಗಳಿಗೆಂದು ಇಟ್ಟಿದ್ದ ಕಾಚಂಪುಳಿಯ ಬಾಟಲಿ, ಪೇಪರಿನಲ್ಲಿ ಸುತ್ತಿ, ಆ ಕಡೆಯಿಂದ ಈ ಕಡೆಗೆ ಉರುಳುತ್ತಿತ್ತು.